ನೀರುನಾಯಿ ಇಲ್ಲ ಎಂದು ಬರೆಯುವ ಮೊದಲು: ಒಂದು ಬಂದರಿನ ಸಮೀಕ್ಷೆಯ ಕೆಲಸದ ದಾಖಲೆ

ಮೊದಲ ಮೂರು ವಾರಗಳ ಹಾಳೆಗಳಲ್ಲಿ ಬಂದರಿನ ದಂಡೆಯ ಹನ್ನೆರಡು ತುಂಡುಗಳ ಎದುರಿಗೂ ಕೊನೆಗೆ ಉಳಿದದ್ದು "ಕುರುಹು ಇಲ್ಲ" ಎಂಬ ನಮೂದು. ಹತ್ತನೆಯ ವಾರದ ಹೊತ್ತಿಗೆ ಹಾಳೆಗಳಲ್ಲಿ ಮೂರು ತುಂಡುಗಳಲ್ಲಿ ಹಸಿ ಹಿಕ್ಕೆ, ಒಂದರಲ್ಲಿ ಐದು ಬೆರಳಿನ ಹೆಜ್ಜೆಗುರುತು ಮತ್ತು ಇಪ್ಪತ್ತು ಸೆಕೆಂಡಿನ ಒಂದು ವಿಡಿಯೊ ದಾಖಲಾಗಿವೆ. ನಡುವಿನ ಏಳು ವಾರಗಳಲ್ಲಿ ನೀರುನಾಯಿ ಹೊಸದಾಗಿ ಬಂದು ಸೇರಿಕೊಂಡಿತೆಂದು ನನಗೆ ಅನ್ನಿಸುವುದಿಲ್ಲ. ಈ ಅವಧಿಯಲ್ಲಿ ಬದಲಾದದ್ದು ನಾನು ಹುಡುಕುತ್ತಿದ್ದ ಹೊತ್ತು, ಹುಡುಕುತ್ತಿದ್ದ ಜಾಗ ಮತ್ತು ಬಳಸುತ್ತಿದ್ದ ಸಲಕರಣೆ. ಆದ್ದರಿಂದ ಈ ದಾಖಲೆಯ ಬಹುಪಾಲು ನೀರುನಾಯಿಗಿಂತ ಹೆಚ್ಚಾಗಿ, ಕೆಟ್ಟದ್ದನ್ನು ಸರಿಪಡಿಸಿದ ಕಥೆಯೇ ಆಗಿದೆ.

ಕೆಲಸ ಶುರುವಾದ ಕಾರಣವನ್ನು ಮೊದಲು ಹೇಳಬೇಕು. ಬಂದರಿನ ಹಳೆಯ ಕಲ್ಲುಗೋಡೆಯ ಬಿರುಕುಗಳಿಗೂ ಅಲೆತಡೆಯ ಬಂಡೆಗಳ ಸಂದುಗಳಿಗೂ ಕಾಂಕ್ರೀಟ್ ತುಂಬುವ ಯೋಚನೆ ನಡೆದಿತ್ತು. ಅಂಥ ಸಂದುಗಳೇ ನೀರುನಾಯಿ ಹಗಲಿನಲ್ಲಿ ಮಲಗುವ ಜಾಗಗಳಾಗಬಹುದು. ರಾತ್ರಿ ಪಾಳಿಯವರಿಬ್ಬರು ಬೇರೆಬೇರೆ ದಿನ "ನಾಯಿಯಂಥದ್ದೇನೋ ಈಜಿಕೊಂಡು ಹೋಯಿತು" ಎಂದು ಹೇಳಿದ್ದರು. ಇಲ್ಲಿ ಇರಬಹುದಾದದ್ದು ಯುರೇಷಿಯನ್ ನೀರುನಾಯಿ, ಅಂದರೆ ಲೂಟ್ರಾ ಲೂಟ್ರಾ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿರುವ ಈ ಪ್ರಾಣಿಗೆ ಅನೇಕ ದೇಶಗಳಲ್ಲಿ ಕಾನೂನಿನ ರಕ್ಷಣೆಯಿದ್ದು, ಅದು ಮಲಗುವ ಜಾಗವನ್ನು ಕೆಡಿಸುವುದೇ ಅಪರಾಧವಾಗುವ ಕಡೆಗಳೂ ಇವೆ. ಹಾಗಾಗಿ ಸಂದುಗಳನ್ನು ಮುಚ್ಚುವ ಮೊದಲು ಇದೆಯೋ ಇಲ್ಲವೋ ಎಂಬುದು ತಿಳಿಯಬೇಕಿತ್ತು. ಬಂದರಿನವರ ಅನುಮತಿಯನ್ನು ಲಿಖಿತವಾಗಿ ಪಡೆದು, ಲೈಫ್ ಜಾಕೆಟ್ ಇಲ್ಲದೆ ಪಾಚಿಗಟ್ಟಿದ ಮೆಟ್ಟಿಲುಗಳನ್ನು ಇಳಿಯುವುದಿಲ್ಲವೆಂಬ ಷರತ್ತಿಗೆ ಒಪ್ಪಿ ಕೆಲಸ ಆರಂಭಿಸಿದೆ.

ಸಲಕರಣೆ ಬಹಳವೇನೂ ಇರಲಿಲ್ಲ. ಲ್ಯಾಮಿನೇಟ್ ಮಾಡಿಸಿದ ಹತ್ತು ಸೆಂಟಿಮೀಟರಿನ ಅಳತೆಪಟ್ಟಿ, ತಲೆಗೆ ಕಟ್ಟುವ ಟಾರ್ಚು, ಉದ್ದನೆಯ ಕೋಲಿನ ತುದಿಗೆ ಓರೆಯಾಗಿ ಅಂಟಿಸಿದ ಸಣ್ಣ ಕನ್ನಡಿ, ಪೆನ್ಸಿಲ್, ಕೈಗವಸು ಮತ್ತು ಕಾಗದದ ಲಕೋಟೆಗಳು. ಬಂದರೆಂದರೆ ಇಲಿ, ಇಲಿಯೆಂದರೆ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಎಂಬ ಕಾರಣಕ್ಕೆ ಕೈಗವಸಿನ ವಿಷಯದಲ್ಲಿ ಸಡಿಲಬಿಡಲಿಲ್ಲ. ಕೋಲುಗನ್ನಡಿ ಮಾತ್ರ ನಾನು ಎಣಿಸಿದ್ದಕ್ಕಿಂತ ಹತ್ತು ಪಾಲು ಉಪಯೋಗಕ್ಕೆ ಬಂತು. ಬಂಡೆಯ ಚಾಚಿನ ಅಡಿಯಲ್ಲಿ ಏನಿದೆಯೆಂದು ನೋಡಲು ಹೊಟ್ಟೆಯ ಮೇಲೆ ಮಲಗಿ ತಲೆ ತೂರಿಸುವುದಕ್ಕಿಂತ, ನಿಂತಲ್ಲಿಂದಲೇ ಕನ್ನಡಿಯನ್ನು ಒಳಕ್ಕೆ ಹಿಡಿದು ಅದಕ್ಕೆ ಬೆಳಕು ಬಿಡುವುದು ಸುರಕ್ಷಿತ. ಒಳಗೆ ಪ್ರಾಣಿಯಿದ್ದರೆ ಅದಕ್ಕೂ ಕಿರಿಕಿರಿ ಕಡಿಮೆ.

ನೀರುನಾಯಿ ಸಮೀಕ್ಷೆಯಲ್ಲಿ 600 ಮೀಟರ್ ದಂಡೆಯನ್ನು ಒಂದು ಘಟಕವಾಗಿ ಹುಡುಕುವ ಪದ್ಧತಿ ರೂಢಿಯಲ್ಲಿದೆ. ಇಂಗ್ಲೆಂಡಿನಲ್ಲಿ 1977–79ರಲ್ಲಿ ನಡೆದ ಮೊದಲ ರಾಷ್ಟ್ರೀಯ ಸಮೀಕ್ಷೆಯಲ್ಲಿ ನೋಡಿದ ತಾಣಗಳ ಪೈಕಿ ಶೇ. 6ಕ್ಕೂ ಕಡಿಮೆ ಕಡೆ ಕುರುಹು ಸಿಕ್ಕಿತ್ತು. 2009–10ರ ಸಮೀಕ್ಷೆಯ ಹೊತ್ತಿಗೆ ಆ ಪ್ರಮಾಣ ಅರ್ಧವನ್ನು ದಾಟಿತ್ತು. ಡೀಲ್‌ಡ್ರಿನ್‌ನಂಥ ಕೀಟನಾಶಕಗಳು ನಿಷೇಧವಾದ ಮೇಲೆ ಪ್ರಾಣಿ ಮರಳಿದ್ದನ್ನು ಹಾಗೆ ಅಂಕಿಯಲ್ಲಿ ಹಿಡಿಯಲು ಸಾಧ್ಯವಾದದ್ದು ಪ್ರತಿ ಸಲವೂ ಒಂದೇ ಬಗೆಯಲ್ಲಿ ಹುಡುಕಿದ್ದರಿಂದ. ಆದರೆ ಹೊಳೆಯ ದಂಡೆಗೆಂದು ಹೊಲಿದ ಅಂಗಿ ಬಂದರಿಗೆ ಸರಿಹೊಂದುವುದಿಲ್ಲ. ಇಲ್ಲಿ ನೂರು ಹೆಜ್ಜೆ ನಡೆಯುವಷ್ಟರಲ್ಲಿ ಬಂಡೆ, ಗೋಡೆ, ಇಳಿಜಾರು, ತೇಲುಜೆಟ್ಟಿ, ಕೆಸರು ಎಲ್ಲವೂ ಬಂದುಹೋಗುತ್ತವೆ. ಆದ್ದರಿಂದ 2.4 ಕಿಲೋಮೀಟರಿನ ಸುತ್ತಳತೆಯನ್ನು 200 ಮೀಟರಿನ ಹನ್ನೆರಡು ತುಂಡುಗಳಾಗಿ ಮಾಡಿ, ಬೇಕಾದಾಗ ಅಕ್ಕಪಕ್ಕದ ಮೂರನ್ನು ಕೂಡಿಸಿ 600 ಮೀಟರ್ ಎಂದು ಓದಲು ಬರುವಂತೆ ನಮೂನೆ ಬರೆದುಕೊಂಡೆ.

ಮೊದಲ ಸುತ್ತಿನಲ್ಲೇ ಎಡವಿದೆ. ಅಲೆತಡೆಯ ತುದಿಯ ಎತ್ತರದ ಬಂಡೆಗಳ ಮೇಲೆ ಮೀನಿನ ಮೂಳೆ ತುಂಬಿದ ನಾಲ್ಕು ಉಂಡೆಗಳು ಸಿಕ್ಕಿದವು. ಉತ್ಸಾಹದಲ್ಲಿ ನಾಲ್ಕನ್ನೂ ಹಿಕ್ಕೆ ಎಂದು ಬರೆದುಕೊಂಡೆ. ಎತ್ತರದ, ಎದ್ದುಕಾಣುವ ಕಲ್ಲಿನ ಮೇಲೆ ಹಿಕ್ಕೆ ಹಾಕುವುದು ನೀರುನಾಯಿಯ ಅಭ್ಯಾಸವೆಂದು ಓದಿದ್ದೆನಲ್ಲ. ಮನೆಗೆ ತಂದು, ಕೃತಕ ದಂತಪಂಕ್ತಿ ತೊಳೆಯುವ ಮಾತ್ರೆಯನ್ನು ಕರಗಿಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಸೋಸಿದೆ. ಹಿಕ್ಕೆಯ ಲೋಳೆಯನ್ನು ಕರಗಿಸಿ ಮೂಳೆಗಳನ್ನು ಬಿಡಿಸಿಕೊಳ್ಳಲು ಸಂಶೋಧಕರೂ ಇದೇ ಮಾತ್ರೆಯನ್ನು ಬಳಸುತ್ತಾರೆ. ನನ್ನ ನಾಲ್ಕು ಉಂಡೆಗಳಲ್ಲಿ ಕರಗಬೇಕಾದ ಲೋಳೆಯೇ ಇರಲಿಲ್ಲ. ಜರಡಿಯಲ್ಲಿ ಉಳಿದದ್ದು ಮೂಳೆಯ ಜೊತೆಗೆ ಹುಲ್ಲಿನ ಎಸಳು, ಕಾಳಿನ ಸಿಪ್ಪೆ, ಹಸಿರು ನೈಲಾನ್ ಬಲೆಯ ಚೂರು. ಅವು ಕಡಲಕ್ಕಿ ಕಕ್ಕಿದ ಉಂಡೆಗಳಾಗಿದ್ದವು. ನಾಲ್ಕೂ ನಮೂದುಗಳನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದೆ.

ಅಂದಿನಿಂದ ಮೂಗನ್ನು ನಂಬಲು ಕಲಿತೆ. ನೀರುನಾಯಿಯ ಹಸಿ ಹಿಕ್ಕೆ ಕಪ್ಪಾಗಿ, ಡಾಂಬರಿನಂತೆ ಅಂಟಂಟಾಗಿರುತ್ತದೆ. ಒಣಗಿದಂತೆ ಬೂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಮೂಳೆ ಮತ್ತು ಪೊರೆಗಳಾಗಿ ಉದುರುತ್ತದೆ. ಅದರ ವಾಸನೆಯನ್ನು ಮಲ್ಲಿಗೆ ಬೆರೆಸಿದ ಚಹಾಕ್ಕೆ ಹೋಲಿಸುವವರಿದ್ದಾರೆ. ಮಲ್ಲಿಗೆಯನ್ನು ಬಲ್ಲ ಮೂಗಿಗೆ ಇದು ಸ್ವಲ್ಪ ಉದಾರವಾದ ಹೋಲಿಕೆ ಅನ್ನಿಸೀತು. ನನಗೆ ಅದು ನೆಂದ ಒಣಹುಲ್ಲಿಗೆ ಮೀನೆಣ್ಣೆ ಚಿಮುಕಿಸಿದಂತೆ ಕಂಡಿತು. ಏನೇ ಇರಲಿ, ಅಸಹ್ಯವೆನಿಸುವ ವಾಸನೆಯಲ್ಲ. ಬೆಕ್ಕಿನದೋ, ನೀರುನಾಯಿಯ ಸಣ್ಣ ಸಂಬಂಧಿಯಾದ ಮಿಂಕ್‌ನದೋ ಆಗಿದ್ದರೆ ಮುಖ ತಾನಾಗಿ ಹಿಂದಕ್ಕೆ ಸರಿಯುತ್ತದೆ.

ಎರಡು ಮತ್ತು ಮೂರನೆಯ ವಾರ ಬೆಳಗ್ಗೆ ಒಂಬತ್ತಕ್ಕೆ ಹೋಗಿ ಹನ್ನೊಂದೂವರೆಗೆ ಮುಗಿಸುತ್ತಿದ್ದೆ. ಬಂಡೆ, ಗೋಡೆ, ದೋಣಿ ಎಳೆಯುವ ಇಳಿಜಾರು, ಎಲ್ಲವೂ ಖಾಲಿ. ನಾಲ್ಕನೆಯ ವಾರದ ಮೊದಲ ದಿನ ಬೇರೆ ಕೆಲಸವಿದ್ದ ಕಾರಣ ಆರಕ್ಕೇ ಹೋದಾಗ, ಇಳಿಜಾರಿನ ಮೇಲೆ ಒಬ್ಬರು ದಪ್ಪ ಪೈಪು ಹಿಡಿದು ರಭಸದ ನೀರು ಬಿಡುತ್ತಿದ್ದರು. "ರಾತ್ರಿ ಮೀನಿನ ಕಸ ಬಿದ್ದಿರುತ್ತೆ ಸಾರ್, ದಿನಾ ಆರಕ್ಕೆಲ್ಲ ತೊಳೆದುಬಿಡ್ತೀನಿ. ನೀವು ಬರೋದು ಒಂಬತ್ತಕ್ಕಲ್ವಾ?" ಎಂದು ಕೇಳಿದರು. ಮೂರು ವಾರ ನಾನು ಸಮೀಕ್ಷೆ ಮಾಡಿದ್ದು ಆಗತಾನೆ ತೊಳೆದ ಕಲ್ಲನ್ನು.

ಆ ಸಂಜೆ ಹಳೆಯ ಹಾಳೆಗಳನ್ನು ಮುಂದಿಟ್ಟುಕೊಂಡು ಒಂದು ಸಣ್ಣ ಲೆಕ್ಕ ಹಾಕಿದೆ. ಪ್ರಾಣಿ ನಿಜವಾಗಿಯೂ ಇದ್ದು, ಒಂದು ಭೇಟಿಯಲ್ಲಿ ಅದರ ಕುರುಹು ಕಾಣುವ ಸಾಧ್ಯತೆ ಅರ್ಧಕ್ಕರ್ಧ ಎಂದುಕೊಂಡರೆ, ನಾಲ್ಕು ಭೇಟಿಗಳೂ ಬರಿದಾಗುವ ಸಾಧ್ಯತೆ ಹದಿನಾರರಲ್ಲಿ ಒಂದು, ಅಂದರೆ ಶೇ. 6ರಷ್ಟು. ಅಷ್ಟಾದರೆ "ಇಲ್ಲ" ಎಂಬ ಮಾತಿಗೆ ಸ್ವಲ್ಪ ತೂಕವಿರುತ್ತದೆ. ಆದರೆ ತೊಳೆಯುವುದು, ಮಳೆ, ಉಬ್ಬರ ಎಲ್ಲ ಸೇರಿ ಆ ಸಾಧ್ಯತೆ ಐದರಲ್ಲಿ ಒಂದಕ್ಕೆ ಇಳಿದರೆ, ನಾಲ್ಕು ಸಲ ಬರಿಗೈಯಲ್ಲಿ ಬರುವ ಸಾಧ್ಯತೆ ಶೇ. 41ಕ್ಕೆ ಏರುತ್ತದೆ. ಅಂಥ ಹಾಳೆಯನ್ನು ತೋರಿಸಿ ಸಂದುಗಳಿಗೆ ಕಾಂಕ್ರೀಟ್ ಸುರಿಯಿರಿ ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ನಮೂನೆಗೆ ಎರಡು ಅಂಕಣ ಸೇರಿಸಿದೆ: ಈ ಜಾಗವನ್ನು ಕೊನೆಯ ಸಲ ನೀರು ತೊಳೆದದ್ದು ಯಾವಾಗ, ತೊಳೆದದ್ದು ಕಡಲೋ ಮಳೆಯೋ ಪೈಪೋ.

ಇನ್ನು ಉಬ್ಬರವಿಳಿತದ ಮಾತು. ಇದು ಪುಸ್ತಕದಲ್ಲಿ ಸಲೀಸಾಗಿ ಕಂಡು ನೆಲದ ಮೇಲೆ ತಲೆ ತಿನ್ನುವ ವಿಷಯ. ಉಬ್ಬರದ ಗೆರೆಯಿಂದ ಕೆಳಗೆ ಬಿದ್ದ ಹಿಕ್ಕೆ ಹನ್ನೆರಡೂವರೆ ಗಂಟೆಯೊಳಗೆ ಹೋಗಿಬಿಡುತ್ತದೆ. ಆದ್ದರಿಂದ ಹಿಕ್ಕೆಯನ್ನು ಗೆರೆಯ ಮೇಲೆ ಹುಡುಕಬೇಕು. ಹೆಜ್ಜೆ ಮೂಡುವ ಕೆಸರು ಇರುವುದಾದರೋ ಗೆರೆಯ ಕೆಳಗೆ. ಆದ್ದರಿಂದ ಹೆಜ್ಜೆಯನ್ನು ಇಳಿತದಲ್ಲಿ ಹುಡುಕಬೇಕು. ಕೆಸರು ಅತಿ ಹೆಚ್ಚು ತೆರೆದುಕೊಳ್ಳುವುದು ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ ಬರುವ ದೊಡ್ಡ ಇಳಿತದಲ್ಲಿ ಎಂದು ನಾನು ಅಂಥ ದಿನಗಳನ್ನೇ ಆರಿಸಿಕೊಂಡಿದ್ದೆ.

ಇಲ್ಲೇ ತಪ್ಪು ಅಡಗಿತ್ತು. ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆಯಾದರೂ, ಒಂದೇ ಜಾಗದಲ್ಲಿ ದೊಡ್ಡ ಇಳಿತಗಳು ಪ್ರತಿ ಪಕ್ಷದಲ್ಲೂ ಹೆಚ್ಚುಕಡಿಮೆ ಅದೇ ಗಡಿಯಾರದ ಹೊತ್ತಿಗೆ ಬರುತ್ತವೆ. ಈ ಬಂದರಿನಲ್ಲಿ ಅವು ನಡುರಾತ್ರಿ ಮತ್ತು ನಡುಹಗಲಿನಲ್ಲಿ ಬೀಳುತ್ತವೆ. ಅಂದರೆ ನಡುರಾತ್ರಿ ನೀರುನಾಯಿ ಕೆಸರಿನ ಮೇಲೆ ನಡೆದರೂ ಬೆಳಗ್ಗೆ ಆರರ ಉಬ್ಬರ ಅದನ್ನು ಒರೆಸಿಹಾಕುತ್ತದೆ. ಮಧ್ಯಾಹ್ನ ನಾನು ನೋಡುವ ವಿಶಾಲವಾದ ಕೆಸರುಹಾಳೆ ಆಗತಾನೆ ಒರೆಸಿದ ಸ್ಲೇಟು. ಅದರ ಮೇಲೆ ಇರುವುದು ಹಗಲಿನ ಕಡಲಕ್ಕಿ ಮತ್ತು ಬೀದಿನಾಯಿಗಳ ಹೆಜ್ಜೆ ಮಾತ್ರ. ಅಷ್ಟಮಿಯ ಸುಮಾರಿನ ಸಣ್ಣ ಇಳಿತ ಇಲ್ಲಿ ಬೆಳಗ್ಗೆ ಆರರ ಹೊತ್ತಿಗೆ ಬರುತ್ತದೆ. ತೆರೆಯುವ ಕೆಸರು ಅರ್ಧಕ್ಕೂ ಕಡಿಮೆ, ಆದರೆ ರಾತ್ರಿ ಎರಡರಿಂದ ಬೆಳಗಿನವರೆಗೆ ಮೂಡಿದ ಹೆಜ್ಜೆ ಅದರಲ್ಲಿ ಹಾಗೆಯೇ ಉಳಿದಿರುತ್ತದೆ. ಕಡಿಮೆ ಜನಸಂಚಾರದ ಕರಾವಳಿಗಳಲ್ಲಿ ನೀರುನಾಯಿ ಹಗಲಿನಲ್ಲೂ ಓಡಾಡುತ್ತದೆ. ಗದ್ದಲದ ಬಂದರಿನಲ್ಲಿ ರಾತ್ರಿಯನ್ನೇ ನೆಚ್ಚಬೇಕು. ಹೀಗಾಗಿ ನಾಲ್ಕನೆಯ ವಾರದಿಂದ ಅಷ್ಟಮಿಯ ಆಸುಪಾಸಿನ ಬೆಳಗ್ಗೆ ಐದಕ್ಕೆ ಟಾರ್ಚು ಹಿಡಿದು ಹೊರಡುವುದೆಂದಾಯಿತು. ಟಾರ್ಚನ್ನು ನೆಲಕ್ಕೆ ಹತ್ತಿರವಾಗಿ ಅಡ್ಡಲಾಗಿ ಹಿಡಿದರೆ ಆಳವಿಲ್ಲದ ಗುರುತೂ ನೆರಳು ಚೆಲ್ಲುತ್ತದೆ ಎಂಬುದು ಕತ್ತಲೆಯಲ್ಲಿ ಹೋದದ್ದಕ್ಕೆ ಸಿಕ್ಕ ಲಾಭ.

ಜಾಗದ ಬಗೆಗಿನ ತಿದ್ದುಪಡಿ ಪ್ರಾಣಿಯ ಮೈಯಿಂದಲೇ ಬಂತು. ನೀರುನಾಯಿಗೆ ತಿಮಿಂಗಿಲದಂತೆ ಕೊಬ್ಬಿನ ದಪ್ಪ ಪದರವಿಲ್ಲ. ತುಪ್ಪಳದ ಒಳಗೂದಲು ಹಿಡಿದಿಟ್ಟ ಗಾಳಿಯೇ ಅದರ ಕಂಬಳಿ. ಉಪ್ಪು ಕಟ್ಟಿದರೆ ಕೂದಲು ಗಾಳಿಯನ್ನು ಹಿಡಿಯುವುದಿಲ್ಲ, ನೀರು ಚರ್ಮಕ್ಕೆ ಇಳಿಯುತ್ತದೆ. ಆದ್ದರಿಂದ ಕಡಲಿನಲ್ಲಿ ಬೇಟೆಯಾಡುವ ನೀರುನಾಯಿಗೆ ಮೈ ತೊಳೆದುಕೊಳ್ಳಲು ಸಿಹಿನೀರು ಬೇಕೇ ಬೇಕು. ಇದನ್ನು ಓದಿ ತಿಳಿದಿದ್ದೂ ಮೂರು ವಾರ ನಾನು ಅಲೆತಡೆಯ ಬಂಡೆಗಳ ಮೇಲೆಯೇ ಹೆಣಗಿದ್ದೆ. ಬಂದರಿಗೆ ಸಿಹಿನೀರು ಬರುವ ದಾರಿ ಎರಡೇ: ಒಂದು ಸಣ್ಣ ತೊರೆಯ ಮೋರಿ, ಇನ್ನೊಂದು ಮಳೆನೀರಿನ ಕೊಳವೆ. ಒಂಬತ್ತನೆಯ ತುಂಡಿನಲ್ಲಿರುವ ಆ ಮೋರಿಯ ಒಳಗೆ, ನೀರಿನಿಂದ ಒಂದು ಅಡಿ ಎತ್ತರದಲ್ಲಿ, ಕಾಂಕ್ರೀಟಿನ ಕಿರಿದಾದ ಕಟ್ಟೆಯಿದೆ. ಮಳೆ ಬೀಳುವುದಿಲ್ಲ, ಉಬ್ಬರ ಮುಟ್ಟುವುದಿಲ್ಲ, ಪೈಪು ತಲುಪುವುದಿಲ್ಲ.

ಕೋಲುಗನ್ನಡಿಯಲ್ಲಿ ಮೊದಲು ಕಂಡದ್ದು ಕಪ್ಪು ಹೊಳಪು. ಕಟ್ಟೆಯ ತುದಿಯಲ್ಲಿ, ಹೆಬ್ಬೆರಳಿನಷ್ಟು ಉದ್ದದ ಒಂದು ಹಿಕ್ಕೆ, ಅದರ ಅಡಿಯಲ್ಲಿ ಒಣಗಿ ಪುಡಿಯಾದ ಹಳೆಯವುಗಳ ಬೂದು ರಾಶಿ. ಹಸಿಯದರ ಮೈಯಲ್ಲಿ ಮೀನಿನ ಬೆನ್ನುಮೂಳೆಯ ಮಣಿಗಳು ಸಾಸಿವೆ ಗಾತ್ರದಲ್ಲಿ ಎದ್ದು ಕಾಣುತ್ತಿದ್ದವು. ನಡುವೆ ಏಡಿಯ ಚಿಪ್ಪಿನ ಕಿತ್ತಳೆ ಚೂರೊಂದು. ಬಗ್ಗಿ ಮೂಸಿದಾಗ ಅದೇ ನೆಂದ ಒಣಹುಲ್ಲು. ಹಸಿ ಒಂದು, ಒಣಗಿದ್ದು ಮೂರು, ಪುಡಿಯಾದದ್ದು ಲೆಕ್ಕಕ್ಕೆ ಸಿಗದಷ್ಟು ಎಂದು ಬರೆದುಕೊಂಡೆ. ಒಂದು ಸಣ್ಣ ತುಣುಕನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಹಾಗೆಯೇ ಬಿಟ್ಟೆ, ಏಕೆಂದರೆ ಆ ರಾಶಿ ನೀರುನಾಯಿಗಳು ಪರಸ್ಪರ ಓದುವ ಪತ್ರ; ಎಲ್ಲವನ್ನೂ ಗುಡಿಸಿ ತರುವುದು ಸಮೀಕ್ಷೆಯಲ್ಲ.

ಎಷ್ಟು ಹಿಕ್ಕೆಗೆ ಎಷ್ಟು ನೀರುನಾಯಿ ಎಂದು ಬಂದರಿನವರು ಕೇಳಿದರು. ಆ ಲೆಕ್ಕ ಹಾಕಬಾರದು. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಲ್ಲಿ ನೀರುನಾಯಿಗಳನ್ನು ದೀರ್ಘಕಾಲ ಅಧ್ಯಯನ ಮಾಡಿದ ಹಾನ್ಸ್ ಕ್ರೂಕ್ ಮತ್ತವರ ಸಂಗಡಿಗರು, ಹಿಕ್ಕೆಯ ಸಂಖ್ಯೆ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಚಳಿಗಾಲದಲ್ಲಿ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ, ಹಾಗಾಗಿ ಅದರಿಂದ ನೇರವಾಗಿ ಪ್ರಾಣಿಗಳ ಸಂಖ್ಯೆಗೆ ಹೋಗಲಾಗದು ಎಂದು ತೋರಿಸಿದ್ದಾರೆ. ಒಂದೇ ನೀರುನಾಯಿ ಒಂದೇ ರಾತ್ರಿಯಲ್ಲಿ ಹಲವು ಕಡೆ ಹಿಕ್ಕೆ ಹಾಕಬಹುದು. ಡಿಎನ್‌ಎ ಪರೀಕ್ಷೆಯಿಂದ ಒಂದೊಂದು ಪ್ರಾಣಿಯನ್ನು ಗುರುತಿಸುವ ದಾರಿಯಿದೆ, ಆದರೆ ಅದಕ್ಕೆ ಅಂದಿನ ಹಸಿ ಹಿಕ್ಕೆಯನ್ನೇ ಬೆಳಗ್ಗೆ ಬೇಗ ಹೆಕ್ಕಿ ಎಥನಾಲ್‌ನಲ್ಲಿ ಹಾಕಬೇಕು. ಆಗಲೂ ಎಷ್ಟೋ ಮಾದರಿಗಳು ಫಲ ಕೊಡುವುದಿಲ್ಲ. ನನ್ನ ಪ್ರಶ್ನೆ "ಇದೆಯೋ ಇಲ್ಲವೋ, ಎಲ್ಲೆಲ್ಲಿ" ಎಂಬಷ್ಟೇ ಆದದ್ದರಿಂದ ಆ ದಾರಿಗೆ ಹೋಗಲಿಲ್ಲ.

ಐದನೆಯ ವಾರ, ಎದುರಿಗೆ ಪ್ರಾಣಿ ಸುಳಿದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ನ ಸರದಿ. ಇಳಿಜಾರಿನ ಗೋಡೆಯ ಕಬ್ಬಿಣದ ಬಳೆಗೆ ಬೆಲ್ಟಿನಿಂದ ಬಿಗಿದು ನೀರಿನ ಕಡೆಗೆ ಮುಖ ಮಾಡಿಟ್ಟೆ. ಐದು ರಾತ್ರಿಗಳಲ್ಲಿ ಸಾವಿರದ ಎಂಟುನೂರಕ್ಕೂ ಹೆಚ್ಚು ಚಿತ್ರಗಳು, ಎಲ್ಲವೂ ನೀರಿನ ಮಿನುಗು, ತೂಗಾಡುವ ಲಂಗರಿನ ಹಗ್ಗ ಮತ್ತು ಕಡಲಕ್ಕಿ. ಕ್ಯಾಮೆರಾದ ಸಂವೇದಕ ನೋಡುವುದು ಆಕಾರವನ್ನಲ್ಲ, ಹಿನ್ನೆಲೆಗೂ ಚಲಿಸುವ ವಸ್ತುವಿಗೂ ಇರುವ ಶಾಖದ ವ್ಯತ್ಯಾಸವನ್ನು. ಹಗಲಿನಲ್ಲಿ ಕಾದ ಹಗ್ಗ ಗಾಳಿಗೆ ಅಲ್ಲಾಡಿದರೆ ಅದಕ್ಕೆ ಅಷ್ಟೇ ಸಾಕು. ಇದಕ್ಕಿಂತ ಕೆಟ್ಟ ತೊಂದರೆ ಇನ್ನೊಂದು ಬದಿಯದು: ನೀರಿನಿಂದ ಆಗತಾನೆ ಮೇಲೆದ್ದ ನೀರುನಾಯಿಯ ತುಪ್ಪಳದ ಹೊರಮೈ ನೀರಿನಷ್ಟೇ ತಣ್ಣಗಿರುತ್ತದೆ; ಶಾಖವನ್ನು ಹೊರಬಿಡದಂತೆ ರೂಪುಗೊಂಡ ಮೈಯದು. ಹಗ್ಗಕ್ಕೆ ಎಚ್ಚರಗೊಳ್ಳುವ ಕ್ಯಾಮೆರಾ ನೀರುನಾಯಿಗೆ ಕಣ್ಣುಮುಚ್ಚಿಕೊಂಡಿರಬಹುದು.

ಇದನ್ನು ಅಂಗಳದಲ್ಲೇ ಪರೀಕ್ಷಿಸಿದೆ. ಬಿಸಿನೀರಿನ ರಬ್ಬರ್ ಚೀಲವನ್ನು ಒಣ ಟವೆಲಿನಲ್ಲಿ ಸುತ್ತಿ ದಾರ ಕಟ್ಟಿ ಕ್ಯಾಮೆರಾದ ಮುಂದೆ ಎಳೆದಾಗ ಹತ್ತಕ್ಕೆ ಹತ್ತು ಸಲ ಚಿತ್ರ ಬಂತು. ಅದೇ ಚೀಲಕ್ಕೆ ದಪ್ಪ ಟವೆಲನ್ನು ತಣ್ಣೀರಿನಲ್ಲಿ ಅದ್ದಿ ಸುತ್ತಿದಾಗ ಬಂದದ್ದು ಮೂರೇ ಸಲ. ಒದ್ದೆ ಚೀಲವನ್ನು ಹತ್ತು ಸೆಕೆಂಡು ಅಲ್ಲೇ ಹೊರಳಾಡಿಸಿದರೆ ಮಾತ್ರ ಎಂಟು ಸಲ ಸಿಕ್ಕಿತು. ಆದ್ದರಿಂದ ಪ್ರಾಣಿ ಹಾದುಹೋಗುವ ದಾರಿಗೆ ಕ್ಯಾಮೆರಾ ಇಡುವುದನ್ನು ಬಿಟ್ಟು, ಅದು ನಿಂತು ಮೈ ಒದರಿ ಹಿಕ್ಕೆ ಹಾಕುವ ಜಾಗಕ್ಕೆ, ಅಂದರೆ ಮೋರಿಯ ಬಾಯಿಗೆ ತಿರುಗಿಸಿದೆ. ನೆಲದಿಂದ 40 ಸೆಂಟಿಮೀಟರ್ ಎತ್ತರ, ನೀರು ಚೌಕಟ್ಟಿನ ಹೊರಗೆ, ಒಂದು ಚಿತ್ರದ ಬದಲು ಇಪ್ಪತ್ತು ಸೆಕೆಂಡಿನ ವಿಡಿಯೊ. ಸಂವೇದಕದ ಮುಂದಿನ ಬಿಳಿ ಮಸೂರದ ಎರಡೂ ಅಂಚುಗಳನ್ನು ಕಪ್ಪು ಇನ್ಸುಲೇಷನ್ ಟೇಪಿನಿಂದ ಮುಚ್ಚಿ ನಡುವಿನ ಮೂರನೇ ಒಂದು ಭಾಗವನ್ನಷ್ಟೇ ತೆರೆದಿಟ್ಟದ್ದರಿಂದ ಅಕ್ಕಪಕ್ಕದ ಗದ್ದಲ ನಿಂತುಹೋಯಿತು.

ಆರನೆಯ ವಾರ ಕ್ಯಾಮೆರಾ ಸತ್ತಿತು. ತೆರೆದರೆ ಬ್ಯಾಟರಿಯ ಕೋಣೆಯಲ್ಲಿ ಹಸಿರು ಬೂಷ್ಟಿನಂಥ ಪದರ, ಒಂದು ಸ್ಪ್ರಿಂಗು ಮುಟ್ಟಿದ ಕೂಡಲೇ ಮುರಿದು ಕೈಗೆ ಬಂತು. ರಬ್ಬರ್ ಗ್ಯಾಸ್ಕೆಟ್ ಹರಿದಿರಲಿಲ್ಲ; ಹಾಗಿದ್ದರೆ ಉಪ್ಪುನೀರು ಎಲ್ಲಿಂದ? ಭೂತಗನ್ನಡಿ ಹಿಡಿದು ಸುತ್ತಲೂ ನೋಡಿದಾಗ ಕೆಳಗಿನ ಮೂಲೆಯಲ್ಲಿ ಗ್ಯಾಸ್ಕೆಟ್ಟಿಗೆ ಅಡ್ಡಲಾಗಿ ಬಲೆಯ ನೈಲಾನ್ ಎಳೆಯೊಂದು, ಕೂದಲಿಗಿಂತ ತುಸು ದಪ್ಪನೆಯದು, ಸಿಕ್ಕಿಹಾಕಿಕೊಂಡಿತ್ತು. ಎಳೆಯ ಎರಡೂ ಪಕ್ಕದಲ್ಲಿ ಉಳಿದ ಸಂದಿನ ಮೂಲಕ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಒಳಗೆ ಏರಿತ್ತು. ಬ್ಯಾಟರಿ ಬದಲಿಸುವಾಗ ನಾನೇ ತೊಡೆಯ ಮೇಲಿಟ್ಟುಕೊಂಡು ಮುಚ್ಚಿದ್ದೆ. ಎಳೆ ನನ್ನ ಪ್ಯಾಂಟಿನಿಂದಲೇ ಬಂದಿರಬೇಕು.

ದುರಸ್ತಿಗೆ ಒಂದು ಸಂಜೆ ಹಿಡಿಯಿತು. ಬ್ಯಾಟರಿಗಳಲ್ಲಿ ಎರಡು ಸೋರಿದ್ದವು. ಆಲ್ಕಲೈನ್ ಬ್ಯಾಟರಿಯಿಂದ ಸೋರುವುದು ಕ್ಷಾರವಾದ್ದರಿಂದ ಹತ್ತಿಯ ಕಡ್ಡಿಯನ್ನು ವಿನೆಗರ್‌ನಲ್ಲಿ ಅದ್ದಿ ಒರೆಸಿದೆ, ನೊರೆ ನಿಂತ ಮೇಲೆ ಡಿಸ್ಟಿಲ್ಡ್ ವಾಟರ್, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್. ಹಸಿರು ಬಿಡದಿದ್ದ ಕಡೆ ಶಾಯಿ ಅಳಿಸುವ ಗಟ್ಟಿ ರಬ್ಬರಿನಿಂದ ಉಜ್ಜಿದೆ; ಮರಳುಕಾಗದ ತಗಡಿನ ಲೇಪವನ್ನೇ ಕಿತ್ತುಬಿಡುತ್ತದೆ. ಮುರಿದ ಸ್ಪ್ರಿಂಗಿನ ಜಾಗಕ್ಕೆ ಕೆಟ್ಟ ಟಾರ್ಚಿನ ಸ್ಪ್ರಿಂಗನ್ನು ಕತ್ತರಿಸಿ ಬೆಸೆದೆ. ಮೊದಲ ಬೆಸುಗೆ ಹಿಡಿಯಲಿಲ್ಲ, ಕಾರಣ ಹಳೆಯ ಸ್ಪ್ರಿಂಗಿನ ಮೇಲ್ಮೈಯನ್ನು ಕೆರೆದಿರಲಿಲ್ಲ. ಕೆರೆದು ಫ್ಲಕ್ಸ್ ಹಚ್ಚಿದ ಮೇಲೆ ಕೂತಿತು. ಗ್ಯಾಸ್ಕೆಟ್ಟಿಗೆ ಸಿಲಿಕೋನ್ ಗ್ರೀಸಿನ ತೆಳುಲೇಪ, ಒಳಗೆ ಒಣಗಿಸಿದ ಸಿಲಿಕಾ ಜೆಲ್ ಪೊಟ್ಟಣ. ಇನ್ನು ಮುಂದೆ ಮುಚ್ಚುವ ಮೊದಲು ಗ್ಯಾಸ್ಕೆಟ್ಟಿನ ಸುತ್ತ ಬೆರಳಾಡಿಸುವುದು ನಮೂನೆಯಲ್ಲೇ ಒಂದು ಸಾಲು.

ಕೆಸರೇ ಇಲ್ಲದ ಗೋಡೆಯ ಉದ್ದಕ್ಕೂ ಹೆಜ್ಜೆಯನ್ನು ಎಲ್ಲಿ ಹಿಡಿಯುವುದು ಎಂಬ ಪ್ರಶ್ನೆ ಉಳಿಯಿತು. ಮಿಂಕ್‌ಗಳನ್ನು ಪತ್ತೆಹಚ್ಚಲು ಜೇಡಿಮಣ್ಣಿನ ಹಾಸಿರುವ ತೆಪ್ಪವನ್ನು ತೇಲಿಬಿಡುವ ಉಪಾಯ ಬ್ರಿಟನ್ನಿನಲ್ಲಿ ರೂಪುಗೊಂಡಿದ್ದು, ಅದರ ಮೇಲೆ ನೀರುನಾಯಿಗಳೂ ಹತ್ತಿ ಹಿಕ್ಕೆ ಹಾಕುವುದುಂಟು. ಅದನ್ನೇ ಬಂದರಿಗೆ ಒಗ್ಗಿಸಿ ಏಳನೆಯ ವಾರ ಒಂದು ತೆಪ್ಪ ಕಟ್ಟಿದೆ. 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಎರಡು 12 ಮಿಲಿಮೀಟರ್ ಮರೀನ್ ಪ್ಲೈವುಡ್ ಹಲಗೆಗಳ ನಡುವೆ 5 ಸೆಂಟಿಮೀಟರ್ ದಪ್ಪದ ಫೋಮ್. ಫೋಮ್ ಒಂದರದೇ ಗಾತ್ರ 36 ಲೀಟರ್, ಪ್ಲೈವುಡ್ಡಿನದು 17 ಲೀಟರ್. ಪೂರ್ತಿ ಮುಳುಗಿದರೆ ಕಡಲನೀರು ಸುಮಾರು 54 ಕಿಲೋ ಎತ್ತಿಹಿಡಿಯುತ್ತದೆ. ಹಲಗೆ, ಮಣ್ಣು, ಬೋಲ್ಟು ಎಲ್ಲ ಸೇರಿ 19 ಕಿಲೋ ಬಂತು. ದೊಡ್ಡ ಗಂಡು ನೀರುನಾಯಿ ಹತ್ತು ಕಿಲೋ ತೂಗಿದರೂ ಮುಳುಗುವ ಭಯವಿಲ್ಲ. ಫೋಮಿಗೆ ಸಾಮಾನ್ಯ ಥರ್ಮೋಕೋಲ್ ಬೇಡ. ಅಂಚು ಉಜ್ಜಿದಂತೆಲ್ಲ ಅದರ ಬಿಳಿ ಮಣಿಗಳು ಉದುರಿ ನೀರು ಸೇರುತ್ತವೆ. ಒತ್ತುಗಟ್ಟಿದ ಎಕ್ಸ್‌ಪಿಎಸ್ ಹಲಗೆ ಬಳಸಿ, ನಾಲ್ಕೂ ಅಂಚುಗಳಿಗೆ ಮರದ ಪಟ್ಟಿ ಹೊಡೆದು ಮುಚ್ಚಿದೆ.

ನಡುವೆ ತಟ್ಟೆಯಾಕಾರದ ಗುಳಿ, ಅದರಲ್ಲಿ ಎರಡು ಪಾಲು ಜೇಡಿಮಣ್ಣಿಗೆ ಒಂದು ಪಾಲು ನಯವಾದ ಮರಳು ಕಲಸಿದ ಹಾಸು. ಬರೀ ಜೇಡಿಯಾದರೆ ಒಣಗಿ ಬಿರಿಯುತ್ತದೆ. ಹಾಸಿನ ಅಡಿಯಿಂದ ನೀರಿಗೆ ಇಳಿಬಿಟ್ಟ ದಪ್ಪ ಹತ್ತಿಬಟ್ಟೆ ಅದನ್ನು ತೇವವಾಗಿ ಇಡುತ್ತದೆ. ಮಳೆಗೂ ಕಡಲಕ್ಕಿಗೂ ತಡೆಯಾಗಿ 35 ಸೆಂಟಿಮೀಟರ್ ಎತ್ತರದ, ಎರಡೂ ಕಡೆ ತೆರೆದ ಇಳಿಜಾರು ಮಾಡು.

ತೇಲಿಬಿಟ್ಟದ್ದು ಉಬ್ಬರದಲ್ಲಿ. ಗೋಡೆಯ ಬಳೆಗೆ ಗಿಡ್ಡ ಹಗ್ಗದಿಂದ ಬಿಗಿಯಾಗಿ ಕಟ್ಟಿ, ಅಂದವಾಗಿ ನಿಂತಿದೆಯೆಂದು ಫೋಟೊ ತೆಗೆದುಕೊಂಡು ಬಂದೆ. ಆರು ಗಂಟೆಯ ನಂತರ ಹೋದಾಗ ನೀರು ಮೂರು ಮೀಟರ್ ಕೆಳಗಿಳಿದಿತ್ತು. ತೆಪ್ಪ ಗೋಡೆಯ ಮೇಲೆ ಕ್ಯಾಲೆಂಡರಿನಂತೆ ನೇತಾಡುತ್ತಿತ್ತು. ಮಣ್ಣೆಲ್ಲ ಜಾರಿ ನೀರುಪಾಲಾಗಿತ್ತು. ನೋಡಿದವರು ನಕ್ಕರು, ನಾನೂ ನಕ್ಕೆ. ಮರುದಿನ ಹಗ್ಗವನ್ನು ಬಳೆಯ ಮೂಲಕ ಹಾಯಿಸಿ ಇನ್ನೊಂದು ತುದಿಗೆ ಮೂರು ಕಿಲೋದ ತೂಕ ಕಟ್ಟಿದೆ. ತೆಪ್ಪ ಇಳಿದರೆ ತೂಕ ಏರುತ್ತದೆ, ತೆಪ್ಪ ಏರಿದರೆ ತೂಕ ಇಳಿಯುತ್ತದೆ. ಎಂಟನೆಯ ವಾರದ ಕೊನೆಗೆ ಬಳೆಯ ತುಕ್ಕು ಹಗ್ಗವನ್ನು ಅರ್ಧ ಕೊಯ್ದಿದ್ದು ಕಂಡು, ಅಲ್ಲಿಗೆ ಸ್ಟೇನ್‌ಲೆಸ್ ಸ್ಟೀಲಿನ ರಾಟೆ ಹಾಕಿದ ಮೇಲೆ ವ್ಯವಸ್ಥೆ ನೆಮ್ಮದಿಯಾಗಿದೆ.

ಹಾಸಿನ ಮೇಲೆ ಮೊದಲು ಬಂದದ್ದು ಇಲಿ. ಆಮೇಲೆ ಮಾಡನ್ನು ಲೆಕ್ಕಿಸದೆ ಒಳಗೆ ನಡೆದುಬಂದ ಕಡಲಕ್ಕಿ. ಒಂಬತ್ತನೆಯ ವಾರದ ಶುಕ್ರವಾರ ಬೆಳಗ್ಗೆ ಐದೂವರೆಗೆ ಟಾರ್ಚನ್ನು ಅಡ್ಡಲಾಗಿ ಹಿಡಿದಾಗ ಹಾಸಿನ ಎಡ ಅಂಚಿನಲ್ಲಿ ಒಂದೇ ಒಂದು ಪೂರ್ಣ ಹೆಜ್ಜೆಯಿತ್ತು. ಅಗಲ 6 ಸೆಂಟಿಮೀಟರ್. ಹನಿಯಾಕಾರದ ಐದು ಬೆರಳುಗಳು ಬೀಸಣಿಗೆಯಂತೆ ಹರಡಿದ್ದವು. ಐದನೆಯದು ಉಳಿದವಕ್ಕಿಂತ ಹಿಂದೆ, ತುಸು ಮಸುಕಾಗಿ. ನಾಯಿಯ ಹೆಜ್ಜೆಯಲ್ಲಿ ನಾಲ್ಕೇ ಬೆರಳು ಮೂಡುತ್ತವೆ, ಆದರೆ ನೀರುನಾಯಿಯ ಐದನೆಯದೂ ಗಟ್ಟಿ ನೆಲದಲ್ಲಿ ಎಷ್ಟೋ ಸಲ ಮೂಡುವುದಿಲ್ಲ. ಆದ್ದರಿಂದ ಐದು ಕಂಡರೆ ಸಾಕ್ಷಿ, ನಾಲ್ಕು ಕಂಡರೆ ಅನುಮಾನ. ಬೆರಳುಗಳ ನಡುವೆ ಜಾಲಪೊರೆ ಒತ್ತಿದ ಬಲು ನಸು ಗೆರೆಯೂ ಇತ್ತು. ಅಳತೆಪಟ್ಟಿಯನ್ನು ಪಕ್ಕಕ್ಕಿಟ್ಟು ನೇರ ಮೇಲಿನಿಂದ ಚಿತ್ರ ತೆಗೆದೆ. ತೆಪ್ಪದ ಹೊರಮೂಲೆಯಲ್ಲಿ ಹಸಿ ಹಿಕ್ಕೆಯೊಂದು ತನ್ನ ಸಹಿಯನ್ನೂ ಹಾಕಿತ್ತು.

ವಿಡಿಯೊ ಸಿಕ್ಕಿದ್ದು ಹತ್ತನೆಯ ವಾರ. ರಾತ್ರಿ 2 ಗಂಟೆ 40 ನಿಮಿಷ. ಮೊದಲ ಚೌಕಟ್ಟಿನಲ್ಲೇ ಪ್ರಾಣಿ ಕಟ್ಟೆಯ ಮೇಲಿದೆ. ನೀರಿನಿಂದ ಎದ್ದದ್ದನ್ನು ಕ್ಯಾಮೆರಾ ಕಂಡೇ ಇಲ್ಲ. ಮೈ ಒದರಿದ ಮೇಲೆ, ಕೂದಲು ಮುಳ್ಳುಮುಳ್ಳಾಗಿ ನಿಂತಾಗ, ಅದು ಎಚ್ಚರಗೊಂಡಿದೆ. ಬುಡದಲ್ಲಿ ದಪ್ಪಗಿದ್ದು ತುದಿಗೆ ಸಣ್ಣಗಾಗುವ ಬಾಲವನ್ನು ಎತ್ತಿ, ಹಿಂಗಾಲುಗಳನ್ನು ಒಂದೆರಡು ಸಲ ತುಳಿದು, ಹಿಕ್ಕೆ ಹಾಕಿ, ತಿರುಗಿ ಅದನ್ನೇ ಮೂಸಿ, ಹದಿನೇಳನೆಯ ಸೆಕೆಂಡಿಗೆ ಚೌಕಟ್ಟಿನಿಂದ ಹೊರಟುಹೋಗುತ್ತದೆ.

ಬಂದರಿನವರಿಗೆ ಕೊಟ್ಟ ನಕ್ಷೆಯಲ್ಲಿ ಮೂರು ಬಣ್ಣಗಳಿವೆ. ಮೋರಿಯ ಒಂಬತ್ತನೆಯ ತುಂಡು, ತೆಪ್ಪವಿರುವ ಎಂಟು ಮತ್ತು ಇಳಿಜಾರಿನ ಹತ್ತು "ಕುರುಹು ಇದೆ". ಅಷ್ಟಮಿಯ ಬೆಳಗಿನಲ್ಲಿ ತೊಳೆಯುವ ಮೊದಲೇ ಕನಿಷ್ಠ ನಾಲ್ಕು ಸಲ ನೋಡಿಯೂ ಏನೂ ಸಿಗದ ಐದು ತುಂಡುಗಳು "ಕುರುಹು ಇಲ್ಲ". ಅಲೆತಡೆಯ ನಾಲ್ಕು ತುಂಡುಗಳ ಒಳಸಂದುಗಳಿಗೆ ಕನ್ನಡಿಯೂ ತಲುಪದು, ಹೊರಮೈಯನ್ನು ಅಲೆ ದಿನವೂ ತೊಳೆಯುತ್ತದೆ. ಅವುಗಳಿಗೆ "ನೋಡಲಾಗಲಿಲ್ಲ" ಎಂಬ ಮೂರನೆಯ ಬಣ್ಣ. ಕಾಂಕ್ರೀಟ್ ತುಂಬಬೇಕೆಂದಿದ್ದ ಸಂದುಗಳಲ್ಲಿ ಹೆಚ್ಚಿನವು ಈ ಬಣ್ಣದಲ್ಲೇ ಇರುವುದರಿಂದ ಅಲ್ಲಿನ ಕೆಲಸವನ್ನು ಸದ್ಯಕ್ಕೆ ಮುಂದೂಡಲು ಒಪ್ಪಿದ್ದಾರೆ. ಮುಂದಿನ ಅಷ್ಟಮಿಗೆ ಎರಡನೆಯ ತೆಪ್ಪವನ್ನು ಅಲೆತಡೆಯ ಒಳಬದಿಯಲ್ಲಿ ಬಿಡಬೇಕು. ಅದರ ಹಲಗೆಗಳಿಗೆ ಈಗ ಎರಡನೆಯ ಕೋಟ್ ವಾರ್ನಿಷ್ ಒಣಗುತ್ತಿದೆ. ಇಳಿಜಾರು ತೊಳೆಯುವವರು ಮೇಲಿನ ಎಡಮೂಲೆಯಲ್ಲಿ ಸೀಮೆಸುಣ್ಣದಿಂದ ತಾವೇ ಒಂದು ಗೆರೆ ಎಳೆದುಕೊಂಡಿದ್ದಾರೆ. ನಾನು ನೋಡಿ ಮುಗಿಸುವವರೆಗೆ ಪೈಪು ಆ ಗೆರೆ ದಾಟುವುದಿಲ್ಲ.